ಮೌಲಾಲಿಗೆ ಬಾರದ ಮಾತು

ನಮ್ಮ ಊರಿನವರು ಯಾರನ್ನಾದರೂ ಬೈಯಬೇಕಾದರೆ ಹೊಳೆಗೆ ಹೋಗಿ ಬೈಯುತ್ತಾರೆ. ಚೌಕದಲ್ಲಿ ಮಾತ್ರ ನಾಲಿಗೆ ಹರಿಬಿಡುವುದಿಲ್ಲ. ಚೌಕದಲ್ಲಿ ಆಡಿದ ಮಾತು ಮೂವತ್ತು ವರ್ಷಕ್ಕೆ ಅದೇ ದಿನ, ಅದೇ ಹೊತ್ತಿಗೆ, ಆಡಿದ ಜಾಗದಿಂದಲೇ ತಿರುಗಿ ಬರುತ್ತದೆ. ಒಂದೇ ಸಲ ಬರುತ್ತದೆ, ಬಂದದ್ದು ಮತ್ತೆ ಬರುವುದಿಲ್ಲ. ಆದರೆ ಮರ್ಯಾದೆ ಹೋಗಲಿಕ್ಕೆ ಆ ಒಂದು ಸಲವೇ ಸಾಕು. ನಮ್ಮ ಸೋದರತ್ತೆ ಹರೆಯದಲ್ಲಿ ಹೂವಿನವನ ಜೊತೆ ಆಡಿದ ಎರಡು ಸಲಿಗೆಯ ಮಾತು ಆಕೆಯ ಕಿರಿಮಗಳನ್ನು ನೋಡಲು ಬಂದ ಬೀಗರ ಎದುರಿಗೇ ಬಂದುಬಿಟ್ಟವು. ಬೀಗರು ಕಿವಿ ನಿಮಿರಿಸಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಅವಲಕ್ಕಿಗೆ ಒಗ್ಗರಣೆ ಹಾಕಿದಳು. ಸಂಬಂಧವೇನೂ ಮುರಿಯಲಿಲ್ಲ. ಬೀಗರೂ ಇದೇ ಊರಿನವರು, ಅವರ ಮನೆಯ ಮಾತೂ ಬರುವುದಿತ್ತು.

ಹೀಗಾಗಿ ನಮ್ಮ ಚೌಕ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಈಗಿನ ಸಂತೆಯ ಗದ್ದಲದೊಳಗೆ ಹಳೇ ಸಂತೆಯ ಗದ್ದಲ. ಬದನೆಕಾಯಿಯಲ್ಲಿ ಒಂದು ಹುಳ ತೋರಿಸಿದರೆ ಮೀಸೆ ಬೋಳಿಸುತ್ತೇನೆ ಎಂದು ಸತ್ತ ಮುದುಕ ಆಣೆ ಇಡುತ್ತಿದ್ದರೆ, ಅವನ ಮೊಮ್ಮಗ ಅದೇ ಜಾಗದಲ್ಲಿ ಹುಳುಕು ಬದನೆಕಾಯಿ ಮಾರುತ್ತ ಕೂತಿರುತ್ತಾನೆ. ಪರವೂರಿನವರು ಬಂದರೆ ಹೌಹಾರುತ್ತಾರೆ. ನಮಗೆ ಅದು ಹಳೇ ದನಿ, ಅಷ್ಟೆ. ಆದರೆ ಈಚಿನ ಎರಡು ವರ್ಷ ಚೌಕದಲ್ಲಿ ಚಾಟಿ ಏಟಿನ ದನಿ ಬರತೊಡಗಿತ್ತು. ಆ ದನಿ ಬಂದಾಗ ವ್ಯಾಪಾರಿಗಳು ತಕ್ಕಡಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ಹನ್ನೆರಡು ಏಟು ಮುಗಿಯುವವರೆಗೆ ನಿಂತು, ಆಮೇಲೆ ಕೂತು ತೂಕ ಮುಂದುವರಿಸುತ್ತಿದ್ದರು. ಹೀಗೆ ಮಾಡಿರೆಂದು ಯಾರೂ ಯಾರಿಗೂ ಹೇಳಿರಲಿಲ್ಲ.

ನಾನು ಬಂಗಾರೆವ್ವ, ಬಳೆಗಾರ ಚಂದ್ರಾಮಪ್ಪನ ಮಗಳು. ಈ ಊರಿನಲ್ಲಿ ಅಷ್ಟು ಹೇಳಿದರೆ ಸಾಕು, ಕೂತವರು ಸರಿದು ಜಾಗ ಬಿಡುತ್ತಾರೆ. ಸುಳ್ಳು ಯಾಕೆ ಹೇಳಲಿ, ನನಗೆ ಅದು ಸೇರುತ್ತಿತ್ತು. ಮದುವೆ ಮನೆಯಲ್ಲಿ ಮೊದಲನೇ ಪಂಕ್ತಿಯಲ್ಲಿ ಕೂತು, ಬಡಿಸುವವರು ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚು ಹಾಕಿದರೆ ಬೇಡ ಅಂದವಳಲ್ಲ ನಾನು.

ಅಪ್ಪ ಹಗಲು ಬಳೆ ತೊಡಿಸುತ್ತಿದ್ದ, ನಾಟಕದಲ್ಲಿ ಅರಸನಾಗುತ್ತಿದ್ದ. ಆಗ ಬಿಳಿಯರ ಆಳ್ವಿಕೆಯ ಕೊನೆಯ ವರ್ಷಗಳು. ಊರಿಗೊಬ್ಬ ಕಲೆಕ್ಟರ ಬಂದಿದ್ದ, ಅವನ ಹೆಸರು ನಮ್ಮ ನಾಲಿಗೆಗೆ ಹೊರಳದ್ದರಿಂದ ಕೆಂಪುಮೂತಿ ಎಂದು ಕರೆದೆವು, ಅದನ್ನೂ ಹೊಳೆಯಲ್ಲೇ. ಬಿಳಿಯರ ಹತ್ತಿ ಗೋದಾಮಿಗೆ ಯಾರೋ ಬೆಂಕಿ ಇಟ್ಟರೆಂದು ಅವನು ಊರಿಗೆ ಊರನ್ನೇ ಶಿಕ್ಷೆಗೆ ಹಚ್ಚಿದ. ಕೈಗೆ ಸಿಕ್ಕವರಿಗೆ ಚೌಕದಲ್ಲಿ ಚಾಟಿ. ಸಂಜೆಯಾದ ಮೇಲೆ ಮನೆಯ ಹೊರಗೆ ದೀಪ ಹಚ್ಚಕೂಡದು. ಐದು ಜನರಿಗಿಂತ ಹೆಚ್ಚು ಒಂದೆಡೆ ಕೂಡಕೂಡದು.

ನಮ್ಮವರು ಅದಕ್ಕೂ ಉಪಾಯ ತೆಗೆದರು. ನಾಟಕ ಬರೆಯುವವರು, ಹಾರ್ಮೋನಿಯಂ ಪೇಟಿ ಬಾರಿಸುವವರು ಎರಡೂ ಆಗಿದ್ದ ಬಿಂದಾಚಾರ ಮಾಸ್ತರರು ಐದೇ ಪಾತ್ರಗಳ ನಾಟಕ ಬರೆದರು. ಆಡುವುದು ಹಗಲು ಹೊತ್ತಿನಲ್ಲಿ, ಚೌಕದ ನಡುವಿನ ಕಲ್ಲುಕಟ್ಟೆಯ ಮೇಲೆ. ನೋಡುವವರು ಚೌಕದ ಸುತ್ತಲಿನ ಮನೆಗಳ ಜಗುಲಿಗಳ ಮೇಲೆ, ಜಗುಲಿಗೆ ಐದೇ ಜನ. ಎಣಿಸಿಕೋ ಸಾಹೇಬ, ಎಲ್ಲಿ ಎಣಿಸಿದರೂ ಐದು. ನಾಟಕದಲ್ಲಿ ಒಂದು ಕಡೆ ಅರಸ ಕೇಳುತ್ತಾನೆ, ಎಲೈ ಕಾವಲುಗಾರ, ಊರಿನ ಸಮಾಚಾರವೇನು ಎಂದು. ಕಾವಲುಗಾರ ಕಟ್ಟೆಯ ಮೆಟ್ಟಿಲ ಮೇಲೆ ನಿಂತು ಹೇಳಬೇಕು: "ಊರ ಬಾಗಿಲಲ್ಲಿ ದೀಪವಿದೆ ಪ್ರಭು, ಜನ ಎಚ್ಚರವಾಗಿದ್ದಾರೆ." ದೀಪ ಹಚ್ಚಬಾರದ ಊರಿನಲ್ಲಿ ಈ ಮಾತಿನ ಬೆಲೆ ಏನೆಂದು ಜಗುಲಿಯ ಮೇಲೆ ಕೂತವರಿಗೆಲ್ಲ ಗೊತ್ತಿತ್ತು. ಪೊಲೀಸ್ ಕಚೇರಿಯವರು ಹಸ್ತಪ್ರತಿ ಓದಿ ಮುದ್ರೆ ಒತ್ತಿಕೊಟ್ಟಿದ್ದರು. ಕಾವಲುಗಾರನ ಒಂದು ಮಾತಿನಲ್ಲಿ ಏನಿದ್ದೀತು ಎಂದುಕೊಂಡಿರಬೇಕು.

ಆ ಒಂದು ಮಾತಿನ ಪಾತ್ರ ಹಾಸಿಗೆ ಮಾಡುವ ಮೌಲಾಲಿಯದು. ಹತ್ತಿ ಹಿಂಜುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಮಾತು ಮಾತ್ರ ಬಾಯಿಗೆ ಬಂದರೆ ಕೇಳಿ. ತಾಲೀಮಿನಲ್ಲಿ ಒಂದು ದಿನ "ದೀಪದ ಬಾಗಿಲಲ್ಲಿ ಊರಿದೆ ಪ್ರಭು" ಎನ್ನುತ್ತಿದ್ದ, ಇನ್ನೊಂದು ದಿನ "ಜನರ ಬಾಗಿಲಲ್ಲಿ ಪ್ರಭು ಇದ್ದಾನೆ, ದೀಪ ಎಚ್ಚರವಾಗಿದೆ" ಎನ್ನುತ್ತಿದ್ದ. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವರು. ಅಪ್ಪ ನಗುತ್ತಿರಲಿಲ್ಲ.

ನಾಟಕದ ದಿನ, ಸರಿಯಾಗಿ ಆ ಮಾತಿನ ಹೊತ್ತಿಗೆ, ಕೆಂಪುಮೂತಿಯ ಸಿಪಾಯಿಗಳ ಕುದುರೆಗಳು ಚೌಕಕ್ಕೆ ನುಗ್ಗಿದವು. ಜಗುಲಿಯ ಮೇಲಿದ್ದವರೆಲ್ಲ ಒಳಗೆ ಹೋಗಿ ಅಗಳಿ ಹಾಕಿಕೊಂಡೆವು. ಹೌದು, ಹಾಕಿಕೊಂಡೆವು. ನನಗಾಗ ಒಂಬತ್ತು ವರ್ಷ, ಅವ್ವ ಬೆನ್ನಿನಿಂದ ಬಾಗಿಲು ಒತ್ತಿ ನಿಂತು ಎರಡೂ ಕೈಯಿಂದ ನನ್ನ ಕಿವಿ ಮುಚ್ಚಿದ್ದಳು. ಬಾಗಿಲು ತೆಗೆದಾಗ ಕಟ್ಟೆಯ ಮೇಲೆ ಐವರೂ ಸತ್ತು ಬಿದ್ದಿದ್ದರು. ಕತ್ತಿ ಹಿಡಿದು ಮೈಮೇಲೆ ಏರಿ ಬಂದ ಗುಂಪಿನ ಮೇಲೆ ಗುಂಡು ಹಾರಿಸಬೇಕಾಯಿತು ಎಂದು ಸರಕಾರಿ ಕಾಗದದಲ್ಲಿ ಬರೆದರು. ಕತ್ತಿ ಮರದ್ದು, ಮೇಲೆ ಬೇಗಡೆ ಹಚ್ಚಿದ್ದು. ಅದು ಇವತ್ತಿಗೂ ನಮ್ಮ ಮನೆಯ ನಾಗಂದಿಗೆಯ ಮೇಲಿದೆ.

ಬದುಕಿ ಉಳಿದು ಕಂಡವರೆಂದರೆ ಎಣಿಕೆಗೆ ಸಿಗದಂತೆ ಪೇಟಿಯ ಜೊತೆ ಕಟ್ಟೆಯ ಹಿಂದೆ ಕೂತಿದ್ದ ಬಿಂದಾಚಾರ ಮಾಸ್ತರರು ಒಬ್ಬರೇ. ಆಮೇಲೆ ಊರು ನಂಬಿದ್ದೆಲ್ಲ ಅವರು ಹೇಳಿದ್ದು. ಚಂದ್ರಾಮಪ್ಪ ಅಂಗಿ ಹರಿದು ಎದೆ ಕೊಟ್ಟು, "ಹೊಡೆಯಿರಿ! ನನ್ನೆದೆ ಈ ಊರಿನ ಗೋಡೆ, ಗೋಡೆಗೆ ಸಾವಿಲ್ಲ!" ಎಂದು ಗರ್ಜಿಸಿದ. ಮೌಲಾಲಿ ಮಾತು ಮರೆತು, ಹೆದರಿ, ಮೆಟ್ಟಿಲಿಳಿದು ಓಡಹೋದ. ಓಡುವವನ ಬೆನ್ನಿಗೇ ಗುಂಡು ಬಿತ್ತು. ಬಿಳಿಯರು ದೇಶ ಬಿಟ್ಟ ಮೇಲೆ ಪುರಸಭೆಯವರು ಅಪ್ಪನ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿ ಚೌಕದಲ್ಲಿ ನಿಲ್ಲಿಸಿದರು. ಶಾಲೆಯ ಮಕ್ಕಳು ಬಾಯಿಪಾಠ ಮಾಡಿದರು. ಮಾಸ್ತರರು ಆ ದಿನದ ಮೇಲೆಯೇ ಒಂದು ನಾಟಕ ಬರೆದರು, ಪ್ರತಿವರ್ಷ ಅದೇ ದಿನ ಆಡುವುದಾಯಿತು. ಇಪ್ಪತ್ತು ತುಂಬಿದಾಗಿನಿಂದ ಅಪ್ಪನ ಪಾತ್ರ ನನ್ನದು. ಹೆಣ್ಣುಮಗಳು ಮೀಸೆ ಹಚ್ಚಿಕೊಂಡು ಗರ್ಜಿಸಿದರೆ ಚೌಕವೇ ಎದ್ದು ನಿಲ್ಲುತ್ತಿತ್ತು. ಅದಕ್ಕೂ ಮೊದಲು, ಮೌಲಾಲಿಯ ಪಾತ್ರದವನು ಪಂಚೆ ಎತ್ತಿ ಓಡುವಾಗ, ಇದೇ ಚೌಕ ಬಿದ್ದು ಬಿದ್ದು ನಗುತ್ತಿತ್ತು. ಮೌಲಾಲಿಯ ಹೆಂಡತಿ ಹಾಜ್ರಾಬಿಯ ಮನೆ ಚೌಕದ ಮೂಲೆಯಲ್ಲೇ ಇತ್ತು. ನಾಟಕದ ದಿನ ಆ ಬಾಗಿಲು ತೆರೆದದ್ದನ್ನು ನಾನು ನೋಡಿರಲಿಲ್ಲ. ಯಾಕೆಂದು ಒಮ್ಮೆಯೂ ಯೋಚಿಸಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಅಪ್ಪ ಸತ್ತರೂ ನನಗೆ ಅಪ್ಪನ ದನಿ ತಪ್ಪಿರಲಿಲ್ಲ. ಅವನು ಮೊದಲು ಕಟ್ಟೆ ಏರಿದ ವರ್ಷದಿಂದ ಒಂದೊಂದೇ ತಾಲೀಮು ತಿರುಗಿ ಬರುತ್ತ ಇಪ್ಪತ್ತು ವರ್ಷವಾಗಿತ್ತು. ನಾನು ಕಟ್ಟೆಯ ಮೇಲೆ ಹೋಗಿ ನಿಲ್ಲುವೆ, ಪಕ್ಕದಲ್ಲೇ ಅಪ್ಪ ಕಂದಪದ್ಯ ಹೇಳುವನು, ನಾನು ಅವನ ಹಿಂದೆಯೇ ಹೇಳುವೆ. ನಾಟಕವನ್ನು ನಾನು ಕಲಿತದ್ದೇ ಹೀಗೆ. ನನ್ನ ತಂಡದವರು ಹಳೇ ದನಿಗೆ ಎಡೆ ಬಿಟ್ಟು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಮೂವತ್ತನೆಯ ವರ್ಷ ಬಂದಾಗ ಕೊನೆಯ ನಾಟಕದ ತಾಲೀಮು ಶುರುವಾಯಿತು. ದಿನಾ ಸಂಜೆ ಊರಿನ ಅರ್ಧ ಜನ ಮೌಲಾಲಿ ತಪ್ಪುವುದನ್ನು ಕೇಳಲು ಬಂದು ಕೂಡುತ್ತಿದ್ದರು. ಅವನು ತಪ್ಪಿದಾಗಲೆಲ್ಲ ಅಪ್ಪನ ದನಿ ತಗ್ಗಿ ಬರುತ್ತಿತ್ತು: "ಅಂಜಬ್ಯಾಡ ಮೌಲಾ. ನನ್ನ ಮಾರಿ ನೋಡು. ಮಾತು ತಾನ ಬರತೈತಿ." ಜನ ನಗುತ್ತಿದ್ದರು, ನಾನು ದಿನ ಎಣಿಸುತ್ತಿದ್ದೆ. ಇನ್ನು ಹನ್ನೊಂದು ದಿನ ಕಳೆದರೆ ಗುಂಡಿನ ದನಿ ಬರುತ್ತದೆ, ಆಮೇಲೆ ನನ್ನ ಅಪ್ಪನ ದನಿ ಈ ಭೂಮಿಯ ಮೇಲೆ ಇರುವುದಿಲ್ಲ. ಅದಕ್ಕೂ ಮೊದಲು ಆ ಗರ್ಜನೆಯನ್ನು ಅವನ ಬಾಯಿಂದಲೇ ಕೇಳುತ್ತೇನೆ ಎಂಬ ಒಂದು ಆಸೆಯಿಂದ ಜೀವ ಹಿಡಿದುಕೊಂಡಿದ್ದೆ.

ಒಂಬತ್ತು ದಿನ ಉಳಿದಿತ್ತು. ಬಿಂದಾಚಾರ ಮಾಸ್ತರರು ಕೋಲೂರಿಕೊಂಡು ಮನೆಗೆ ಬಂದು, ಹೊಳೆಗೆ ಹೋಗೋಣ ಬಾ ಎಂದರು. ನಮ್ಮೂರಿನಲ್ಲಿ ಯಾರಾದರೂ ಹೊಳೆಗೆ ಕರೆದರೆ ಎದೆ ಧಸಕ್ಕೆನ್ನುತ್ತದೆ. ಎಂಬತ್ತೆರಡು ವರ್ಷದ ಮುದುಕರು ದಾರಿಯುದ್ದಕ್ಕೂ ನನಗಿಂತ ಮುಂದೆ ಮುಂದೆ ನಡೆದರು. ನೀರಿನ ಅಂಚಿನ ಬಂಡೆಯ ಮೇಲೆ ಕೂತು, ಆ ದಿನ ಸರಿಯಾಗಿ ಆ ಹೊತ್ತಿಗೆ ಬ್ಯಾಂಡಿನವರನ್ನು ಕರೆಸಿ ಜೋರಾಗಿ ಬಾರಿಸಲು ಹೇಳು ಎಂದರು. ಹಳೇ ದನಿ ಯಾರಿಗೂ ಕೇಳಬಾರದು ಎಂದರು. ಯಾಕೆ ಎಂದೆ.

"ಬಂಗಾರೀ, ನಾ ಏನೂ ಕೇಳಿಲ್ಲವಾ. ಪೇಟಿ ಕೆಳಗ ತಲಿ ಇಟ್ಟು ಎರಡೂ ಕಿವಿ ಮುಚಗೊಂಡಿದ್ದೆ. ಮರುದಿನ ನಿಮ್ಮ ಅವ್ವ ಬಂದು, ನನ್ನ ಗಂಡ ಕಡೀಕ ಏನಂದ ಅಂತ ಕೇಳಿದ್ಲು. ಗೊತ್ತಿಲ್ಲ ಅಂತ ಹ್ಯಾಂಗ ಹೇಳಲಿ? ನಾಟಕ ಬರಿಯೋ ಮನುಷ್ಯಾ ನಾನು. ಒಂದು ಮಾತು ಬರದು ಕೊಟ್ಟೆ."

ನನಗೆ ಹೊಳೆಯೇ ನಿಂತಂತಾಯಿತು. ಹತ್ತೊಂಬತ್ತು ವರ್ಷ ನಾನು ಗರ್ಜಿಸಿದ್ದು ಈ ಮುದುಕರ ಮಾತನ್ನು. ಕಲ್ಲಿನಲ್ಲಿ ಕೆತ್ತಿದ್ದೂ ಇವರ ಮಾತನ್ನೇ. ಕೇಳಿದೆ, ಮತ್ತೆ ಮೌಲಾಲಿ ಓಡಿದ್ದು?

ಮಾಸ್ತರರು ತಲೆ ಎತ್ತಲಿಲ್ಲ. "ವೀರನ ಪಕ್ಕಕ್ಕ ಒಬ್ಬ ಪುಕ್ಕಲ ಇಲ್ಲಂದ್ರ ವೀರನ ಎತ್ತರ ಕಾಣೂದಿಲ್ಲವಾ. ಅದು ನಮ್ಮ ಕಸಬಿನ ರೂಢಿ. ಮೌಲಾಲಿ ಹೆಣ ಮೆಟ್ಟಿಲ ಮ್ಯಾಲ ಇತ್ತು, ಗುಂಡು ಬೆನ್ನಾಗಿತ್ತು. ಕತೀ ತಾನ ಕೂಡಿಕೊಂಡು ಬಂತು."

ನಾನು ಅವತ್ತು ಮಾಸ್ತರರನ್ನು ಬೈದ ಬೈಗುಳ ಇಲ್ಲಿ ಬರೆಯುವಂಥವಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಬೈದು ಬೈದು ಸುಸ್ತಾದ ಮೇಲೆ ಬಂಡೆಯ ಮೇಲೆ ಅವರ ಪಕ್ಕದಲ್ಲೇ ಕೂತು ಅತ್ತೆ. ಅಳುತ್ತಿರುವಾಗಲೇ ನನ್ನ ತಲೆಯಲ್ಲಿ ಒಂದು ಕಡ್ಡಿ ಗೀರಿದಂತಾಯಿತು. ಕಾವಲುಗಾರನ ಜಾಗವೇ ಮೆಟ್ಟಿಲು! ತಾಲೀಮಿನಲ್ಲಿ ದಿನಾ ಮೌಲಾಲಿಯ ದನಿ ಬರುತ್ತಿದ್ದುದು ಮೆಟ್ಟಿಲಿನಿಂದಲೇ. ಅರಸನ ಕಡೆಗೆ ಮುಖ ಮಾಡಿ ನಿಂತ ಕಾವಲುಗಾರನ ಬೆನ್ನು ಚೌಕದ ಕಡೆಗಿರುತ್ತದೆ, ಕುದುರೆಗಳು ಬಂದದ್ದು ಚೌಕದಿಂದ. ಗುಂಡು ಬೆನ್ನಿಗಲ್ಲದೆ ಇನ್ನೆಲ್ಲಿ ಬೀಳಬೇಕಿತ್ತು? ಅವನು ಓಡಿರಲೂಬಹುದು, ಓಡದೆ ಇದ್ದಿರಲೂಬಹುದು. ಹತ್ತೊಂಬತ್ತು ವರ್ಷ ಅದೇ ಕಟ್ಟೆಯ ಮೇಲೆ ನಿಂತು, ಯಾರು ಎಲ್ಲಿ ನಿಲ್ಲಬೇಕೆಂದು ಹತ್ತು ಜನರಿಗೆ ಹೇಳಿಕೊಟ್ಟ ನನಗೆ ಈ ಸಣ್ಣ ಲೆಕ್ಕ ಹೊಳೆದಿರಲಿಲ್ಲ. ನನ್ನ ಅಪ್ಪ ಎತ್ತರ ಕಾಣಿಸುತ್ತಿದ್ದ, ನನಗೆ ಅಷ್ಟೇ ಬೇಕಾಗಿತ್ತು.

ಅಲ್ಲಿಂದ ನೇರ ಹಾಜ್ರಾಬಿಯ ಮನೆಗೆ ಹೋದೆ. ಎಪ್ಪತ್ತರ ಮುದುಕಿ ಅಂಗಳದಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು. ಮಾಸ್ತರರು ಹೇಳಿದ್ದನ್ನು, ಮೆಟ್ಟಿಲ ಲೆಕ್ಕವನ್ನು ಒಂದೂ ಬಿಡದೆ ಹೇಳಿದೆ. ಈ ವರ್ಷ ನೀನು ಬರಬೇಕು ಅತ್ತಿ ಎಂದೆ. ಅವಳು ಸೂಜಿ ನಿಲ್ಲಿಸಲಿಲ್ಲ. ಹತ್ತಿ ಹಿಂಜುವಾಗ ಗಂಡ ಕಾವಲುಗಾರನ ಮಾತನ್ನು ದಿನಾ ಹೇಳುತ್ತಿದ್ದ, ತಪ್ಪಿದ ಕಡೆ ತಾನೇ ತಿದ್ದುತ್ತಿದ್ದೆ, ಮನೆಯಲ್ಲಿ ಒಮ್ಮೆಯೂ ಅವನಿಗೆ ಸರಿ ಬರಲಿಲ್ಲ, ಬಿಟ್ಟುಬಿಡು ಎಂದರೆ ಚಂದ್ರಾಮಣ್ಣ ನನ್ನ ಕೈ ಬಿಡುವುದಿಲ್ಲ ಎನ್ನುತ್ತಿದ್ದ ಎಂದಳು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

"ಚೌಕದಾಗ ಮಾನ ಕಳದು, ಹೊಳಿಯಾಗ ತಪ್ಪಾತಂದ್ರ ಹ್ಯಾಂಗವ್ವ? ಆ ಮಾಸ್ತರಗ ಹೇಳು, ಚೌಕದಾಗ ಬಂದು ಹೇಳ್ಲಿ. ಅವತ್ತ ನನ್ನ ಬಾಗಲಾ ತೆಗೀತೀನಿ."

ಮಾಸ್ತರರಿಗೆ ಹೇಳಿದರೆ ಅವರು ಮುಖ ತಿರುಗಿಸಿದರು. ಚೌಕದಲ್ಲಿ ಹೇಳಿದ್ದು ಮೂವತ್ತು ವರ್ಷಕ್ಕೆ ಮತ್ತೆ ಬರುತ್ತದೆ, ನನ್ನ ಮರಿಮಕ್ಕಳು ಕೇಳಬೇಕಾಗುತ್ತದೆ ಎಂದರು. ಕೇಳಲಿ, ಹಾಜ್ರಾಬಿಯ ಮಕ್ಕಳು ಕೇಳಿಲ್ಲವೇ ಎಂದು ಬಂದೆ. ಪುರಸಭೆಯ ಅಧ್ಯಕ್ಷರ ಹತ್ತಿರ ಸುದ್ದಿ ಹೇಗೆ ಹೋಯಿತೋ, ಅವರೂ ಮನೆಗೆ ಬಂದರು. ಕಲ್ಲಿನ ಮೇಲಿನ ಮಾತು ಊರಿನ ಆಸ್ತಿ, ನಾಳೆ ಹಳೇ ದನಿಯಲ್ಲಿ ಚಂದ್ರಾಮಪ್ಪ ಕಾಲು ಹಿಡಿದು ಬೇಡಿಕೊಂಡದ್ದು ಕೇಳಿಸಿದರೆ ಊರಿನ ಮುಖವೆಲ್ಲಿ ಇಡುವುದು, ಬ್ಯಾಂಡು ಇರಲಿ ಎಂದು ಮೆಲ್ಲಗೆ ಹೇಳಿದರು. ಅವರ ಮಾತು ಸುಳ್ಳೇನಲ್ಲ. ನನಗೂ ಅದೇ ಅಂಜಿಕೆ ಇತ್ತು. ಅಪ್ಪ ಅತ್ತಿದ್ದರೆ? ನನ್ನ ಮೂರು ಹೆಣ್ಣುಮಕ್ಕಳನ್ನು ನೋಡಿ ಬಿಡು ಸಾಹೇಬ ಎಂದಿದ್ದರೆ? ನನಗೆ ತಂಗಿಯರಿಬ್ಬರು, ಒಬ್ಬಳು ಆಗ ಇನ್ನೂ ಮೊಲೆ ಕುಡಿಯುತ್ತಿದ್ದಳು.

ಉತ್ತರ ಕೊಟ್ಟವಳು ಒಳಗೆ ಜೋಳ ಹಸನು ಮಾಡುತ್ತಿದ್ದ ನನ್ನ ಅವ್ವ. ಮೊರ ಕೆಳಗಿಟ್ಟು ಹೊಸ್ತಿಲಿಗೆ ಬಂದಳು. "ಅತ್ತಿದ್ರ ಅಳ್ಲಿ ಬಿಡ್ರಿ. ಅತ್ತರ ಅಂವ ನನ್ನ ಗಂಡ ಅಲ್ಲೇನು? ಅವತ್ತ ನಾ ಬಾಗಲಾ ಹಾಕಿ ಈಕೀ ಕಿವಿ ಮುಚ್ಚಿದೆ. ಈ ಸಲ ಯಾರ ಕಿವೀನೂ ಮುಚ್ಚಂಗಿಲ್ಲ." ಅಧ್ಯಕ್ಷರು ಚಹಾ ಕುಡಿದು ಹೋದರು. ಬ್ಯಾಂಡಿನ ಮಾತು ಮತ್ತೆ ಬರಲಿಲ್ಲ.

ಎಂಟು ದಿನದಲ್ಲಿ ಪ್ರತಿವರ್ಷದ ನಾಟಕವನ್ನು ಒಡೆದು, ಅವತ್ತಿನ ಐದು ಪಾತ್ರಗಳ ನಾಟಕವನ್ನೇ ಕಟ್ಟಿದೆ. ಓಡುವ ದೃಶ್ಯ ತೆಗೆದುಹಾಕಿದೆ. ಗರ್ಜನೆ ತೆಗೆದುಹಾಕಿದೆ, ಅದನ್ನು ತೆಗೆಯುವಾಗ ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು. ಕೊನೆಯ ದೃಶ್ಯವನ್ನು ಬರೆಯದೆ ಖಾಲಿ ಬಿಟ್ಟೆ. ಐವರೂ ಸತ್ತವರ ಜಾಗದಲ್ಲಿ ಹೋಗಿ ನಿಲ್ಲುವುದು, ಬಾಯಿ ಬಿಡದೆ ಇರುವುದು, ಮಾತು ಅವರದು, ನಿಲ್ಲುವ ಕೆಲಸ ಮಾತ್ರ ನಮ್ಮದು ಎಂದೆ. ನನ್ನ ತಂಡದವರು ತಕರಾರು ತೆಗೆದರು. ಮಾತಿಲ್ಲದೆ ಬರೀ ನಿಂತರೆ ಅದೆಂಥ ನಾಟಕ ಎಂದರು. ಮಾತಾಡುವುದು ಯಾರಿಗೂ ಬರುತ್ತದೆ, ನಿಲ್ಲಲಿಕ್ಕೇ ನಟರು ಬೇಕು ಎಂದು ಗದರಿದೆ. ಆಮೇಲೆ ಚೌಕದ ಸುತ್ತಲಿನ ಮನೆ ಮನೆಗೆ ಹೋಗಿ ಒಂದೇ ಒಂದು ಬೇಡಿಕೆ ಇಟ್ಟೆ: ಅವತ್ತು ಬಾಗಿಲು ತೆರೆದಿರಲಿ, ಜಗುಲಿಗೆ ಐದೇ ಜನ ಕೂಡಲಿ. ಯಾಕೆಂದು ಯಾರೂ ಕೇಳಲಿಲ್ಲ.

ಆ ದಿನ ಬಂತು. ಬೆಳಗಿನಿಂದ ಚೌಕದಲ್ಲಿ ಸಂತೆ ಇಲ್ಲ, ಸದ್ದಿಲ್ಲ. ಹಳೇ ದನಿಯಲ್ಲಿ ಮಾತ್ರ ಪರದೆ ಕಟ್ಟುವವರು ಹಗ್ಗಕ್ಕಾಗಿ ಜಗಳವಾಡುತ್ತಿದ್ದರು. ಮಧ್ಯಾಹ್ನ ಜಗುಲಿಗಳೆಲ್ಲ ತುಂಬಿದವು, ಒಂದೊಂದರಲ್ಲಿ ಐದೈದು. ಹಾಜ್ರಾಬಿಯ ಬಾಗಿಲು ಒಂದೇ ಮುಚ್ಚಿತ್ತು. ನಾನು ಮೀಸೆ ಹಚ್ಚಿಕೊಂಡು ಅಪ್ಪನ ಮರದ ಕತ್ತಿ ಸೊಂಟಕ್ಕೆ ಸಿಕ್ಕಿಸಿ ಕಾಯುತ್ತಿದ್ದೆ. ಮಾಸ್ತರರು ಬರಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಕೋಲಿನ ಸದ್ದು ಕೇಳಿಸಿತು. ಅವರು ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದರು. ನಟ್ಟನಡುವೆ ನಿಂತು, ಇಷ್ಟು ವರ್ಷ ನಮಗೆಲ್ಲ ಕಲಿಸಿದ ಅದೇ ತುಂಬುದನಿಯಲ್ಲಿ ಹೇಳಿದರು.

"ನಾನು ಬಿಂದಾಚಾರ. ಅವತ್ತು ನಾ ಏನೂ ಕೇಳಿಲ್ಲ, ಏನೂ ನೋಡಿಲ್ಲ. ಚಂದ್ರಾಮಪ್ಪನ ಮಾತು ನಾನು ಬರದದ್ದು. ಮೌಲಾಲಿ ಓಡಿದ ಅಂದದ್ದು ನನ್ನ ಸುಳ್ಳು. ಹಾಜ್ರಾಬಿ, ನಿನ್ನ ಗಂಡನ ಹೆಸರು ನಾ ಕೆಡಿಸೀನಿ. ಮೂವತ್ತು ವರ್ಷದ ಮ್ಯಾಲೂ ಈ ಕಟ್ಟಿ ಇದನ್ನ ಹೇಳಲಿ."

ಮೂಲೆಯ ಮನೆಯ ಅಗಳಿ ಸರಿದ ಸದ್ದು ಇಡೀ ಚೌಕಕ್ಕೆ ಕೇಳಿಸಿತು. ಹಾಜ್ರಾಬಿ ಹೊರಗೆ ಬಂದು ಜಗುಲಿಯ ಮೇಲೆ ಕೂತಳು. ನನ್ನ ಅವ್ವ ತನ್ನ ಜಗುಲಿಯಿಂದ ಎದ್ದು ಚೌಕ ದಾಟಿ ಹೋಗಿ ಅವಳ ಪಕ್ಕದಲ್ಲಿ ಕೂತಳು.

ನಾಟಕ ಶುರು ಮಾಡಿದೆವು. ಹಳೇ ದನಿಯ ಪಾತ್ರಗಳು ಹೇಳುತ್ತಿದ್ದಂತೆ ನಾವೂ ಅವರ ಜೊತೆ ಹೇಳುತ್ತ ಹೋದೆವು, ಒಂದು ಮಾತಿಗೆ ಎರಡು ಬಾಯಿ. ಕೊನೆಯ ದೃಶ್ಯಕ್ಕೆ ಬಂದಾಗ ನಾವು ಐವರೂ ನಮ್ಮ ನಮ್ಮ ಜಾಗದಲ್ಲಿ ನಿಂತು ಬಾಯಿ ಮುಚ್ಚಿದೆವು. ದೂರದಿಂದ ಕುದುರೆಗಳ ಸದ್ದು ಬಂತು. ಜಗುಲಿಗಳಿಂದ ಓಡುವ ಕಾಲುಗಳ ಸದ್ದು, ಕೂಸುಗಳ ಅಳು, ಬಾಗಿಲುಗಳು ದಡಾರನೆ ಬಿದ್ದ ಸದ್ದು, ಒಂದಾದ ಮೇಲೊಂದು ಅಗಳಿ. ಅದು ನಾವೇ, ಮೂವತ್ತು ವರ್ಷದ ಹಿಂದಿನ ನಾವು. ಈಗಿನ ನಾವು ತೆರೆದ ಬಾಗಿಲುಗಳ ಮುಂದೆ ಕೂತು ಅದನ್ನು ಕೇಳಿಸಿಕೊಂಡೆವು. ಯಾರೂ ತಲೆ ತಗ್ಗಿಸಲಿಲ್ಲ, ಯಾರೂ ಎದ್ದು ಹೋಗಲಿಲ್ಲ.

ಆಮೇಲೆ ಹಳೇ ಚೌಕವೂ ನಿಶ್ಶಬ್ದವಾಯಿತು. ಕಟ್ಟೆಯ ಮೇಲೆ ಯಾರೋ ವೇಗವಾಗಿ ಉಸಿರಾಡುತ್ತಿದ್ದುದು ಕೇಳಿಸುತ್ತಿತ್ತು. ಆಗ ನನ್ನ ಬಾಯಿಯ ಹತ್ತಿರದಿಂದಲೇ, ನಾನು ನಿಂತ ಜಾಗದಿಂದಲೇ, ಅಪ್ಪನ ದನಿ ಬಂತು. ಗರ್ಜನೆಯಲ್ಲ. ಬಳೆ ತೊಡಿಸುವಾಗ ಎಳೇ ಕೈ ನೋಯಬಾರದೆಂದು ಮಾತಾಡಿಸುತ್ತಿದ್ದನಲ್ಲ, ಆ ದನಿ.

"ಹಿಂದ ನೋಡಬ್ಯಾಡ ಮೌಲಾ. ನನ್ನ ಮಾರಿ ನೋಡು. ನಾಟಕ ಇನ್ನೂ ಮುಗದಿಲ್ಲ." ಒಂದು ಕ್ಷಣ ಬಿಟ್ಟು, ಅರಸನ ದನಿ ತೆಗೆದು, "ಎಲೈ ಕಾವಲುಗಾರ, ಊರಿನ ಸಮಾಚಾರವೇನು?" ಎಂದ.

ಮೆಟ್ಟಿಲಿನಿಂದ ಮೌಲಾಲಿಯ ದನಿ ಬಂತು. ನಡುಗುತ್ತಿತ್ತು, ಆದರೆ ಎಲ್ಲೂ ತಪ್ಪಲಿಲ್ಲ. "ಊರ ಬಾಗಿಲಲ್ಲಿ ದೀಪವಿದೆ ಪ್ರಭು,"

ಗುಂಡು ಹಾರಿತು.

ಒಂದು, ಆಮೇಲೆ ನಾಲ್ಕೈದು ಒಟ್ಟಿಗೇ. ನಾವು ಐವರೂ ನಿಂತೇ ಇದ್ದೆವು. ಗುಂಡಿನ ಸದ್ದು ಮುಗಿದ ಮೇಲೆ ಚೌಕದಲ್ಲಿ ಉಳಿದದ್ದು ಅರ್ಧಕ್ಕೆ ನಿಂತ ಒಂದು ಮಾತು. ನನ್ನಪ್ಪನ ದನಿ ಮುಗಿದುಹೋಗಿತ್ತು, ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಎದೆಯಲ್ಲಿ ಅಳು ಇರಲಿಲ್ಲ. ನನ್ನಪ್ಪ ಕೊನೆಯ ಗಳಿಗೆಯಲ್ಲಿ ಎದೆ ತೋರಿಸಲಿಲ್ಲ, ಅಂಜಿದವನಿಗೆ ಮುಖ ತೋರಿಸಿದ. ಮಾಸ್ತರರು ಎಷ್ಟು ದೊಡ್ಡ ನಾಟಕಕಾರರಾದರೂ ಇಂಥ ಮಾತು ಬರೆಯುವುದು ಅವರಿಂದ ಆಗಿರಲಿಲ್ಲ. ಹಾಗೆಂದು ಅವರೇ ಆಮೇಲೆ ಹೇಳಿದರು.

ಆಗ ಮೂಲೆಯ ಜಗುಲಿಯ ಮೇಲೆ ಹಾಜ್ರಾಬಿ ಎದ್ದು ನಿಂತಳು. ಮೂವತ್ತು ವರ್ಷದ ಹಿಂದೆ ಹತ್ತಿ ಹಿಂಜುವ ಬಿಲ್ಲಿನ ಪಕ್ಕದಲ್ಲಿ ಕೂತು ಗಂಡನ ತಪ್ಪು ತಿದ್ದಿದ ದನಿಯಲ್ಲೇ, ಉಳಿದರ್ಧ ಮಾತನ್ನು ಅವನ ಪರವಾಗಿ ಹೇಳಿ ಮುಗಿಸಿದಳು.

"ಜನ ಎಚ್ಚರವಾಗಿದ್ದಾರೆ."

ಅವಳ ಪಕ್ಕದಲ್ಲಿ ನನ್ನ ಅವ್ವ ಎದ್ದು ಅದನ್ನೇ ಹೇಳಿದಳು. ಆಮೇಲೆ ಯಾವ ಜಗುಲಿ ಮೊದಲು, ಯಾವುದು ಆಮೇಲೆ ಎಂದು ಹೇಳಲಾರೆ. ಐದೈದಾಗಿ ಎದ್ದ ಜನ ಜಗುಲಿ ಇಳಿದು ಚೌಕದಲ್ಲಿ ಕೂಡಿದರು, ಎಣಿಸಲಿಕ್ಕೆ ಆಗದಷ್ಟು. ಅಧ್ಯಕ್ಷರೂ ಹೇಳಿದರು, ಮಾಸ್ತರರೂ ಹೇಳಿದರು. ನಾನೊಬ್ಬಳು ಹೇಳಲಿಲ್ಲ. ನಾನು ಅರಸನಾಗಿದ್ದೆ, ಸಮಾಚಾರ ಕೇಳಿಸಿಕೊಳ್ಳುವುದು ನನ್ನ ಪಾತ್ರ.

ಕಲ್ಲನ್ನು ಏನು ಮಾಡುವುದೆಂದು ಪುರಸಭೆಯಲ್ಲಿ ಇನ್ನೂ ಚರ್ಚೆ ನಡೆದಿದೆ. ನಡೆಯಲಿ. ನನಗೆ ಹೊಸ ಕಲ್ಲು ಬೇಕಾಗಿಲ್ಲ. ಗುಂಡಿನ ದನಿ ಬರಬೇಕಾದ ಒಂದು ಸಲ ಬಂದು ಹೋಯಿತು, ಅದು ಇನ್ನು ಬರುವುದಿಲ್ಲ. ಇನ್ನು ಮೂವತ್ತು ವರ್ಷಕ್ಕೆ ಅದೇ ದಿನ, ಅದೇ ಹೊತ್ತಿಗೆ ಯಾರಾದರೂ ನಮ್ಮ ಚೌಕಕ್ಕೆ ಬಂದು ನಿಂತರೆ, ಮೊದಲು ಒಬ್ಬ ಮುದುಕರು ತಮ್ಮ ತಪ್ಪು ಹೇಳಿಕೊಳ್ಳುವುದು ಕೇಳಿಸುತ್ತದೆ. ಆಮೇಲೆ ನಾಟಕ. ಆಮೇಲೆ ಸ್ವಲ್ಪ ಹೊತ್ತು ಏನೂ ಇರುವುದಿಲ್ಲ, ಅದು ನಾವು ಬಾಯಿ ಮುಚ್ಚಿ ನಿಂತ ಹೊತ್ತು, ಯಾರೂ ಹೆದರಬೇಕಾಗಿಲ್ಲ. ಅದು ಮುಗಿದ ಮೇಲೆ ಮೂಲೆಯ ಜಗುಲಿಯಿಂದ ಒಬ್ಬ ಹೆಂಗಸಿನ ದನಿ ಬರುತ್ತದೆ, ಅದರ ಹಿಂದೆ ಊರಿನ ಎಲ್ಲರ ದನಿ.